ಕರೇ ಸ್ಕ್ರೂ ಏನನ್ನು ಹಿಡಿಯುತ್ತದೆ? ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಜಿಪ್ಸಮ್ ಬೋರ್ಡ್ ಕೆಲಸದ ಬಗ್ಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಚರ್ಚೆಯ ಆಯ್ದ ಭಾಗ ಕೊನೆಯಲ್ಲಿದೆ.)

ದನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ಇವತ್ತಿನ ವಿಷಯ ಬಹಳ ಸಣ್ಣದು, ಅಕ್ಷರಶಃ ಸಣ್ಣದು: 25 ಮಿ.ಮೀ. ಉದ್ದ, 3.5 ಮಿ.ಮೀ. ದಪ್ಪ. ಜಿಪ್ಸಮ್ ಬೋರ್ಡನ್ನು ಲೋಹದ ಅಥವಾ ಮರದ ಚೌಕಟ್ಟಿಗೆ ಹಿಡಿಸುವ ಕಪ್ಪು ಸ್ಕ್ರೂ. ಕೊಲ್ಹಾಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಮರಾಠಿಯವರು ‘ಕಾಳಾ ಸ್ಕ್ರೂ’ ಅಂತಾರೆ, ಗಡಹಿಂಗ್ಲಜ ಕಡೆಯ ನಮ್ಮ ಕನ್ನಡದಲ್ಲಿ ‘ಕರೇ ಸ್ಕ್ರೂ’. ಕೇಳುವಾಗ ಗಿರಾಕಿ ಹೇಳೋದು ಉದ್ದ ಮಾತ್ರ: ‘ಒಂದ್ ಇಂಚಿಂದು ಒಂದ್ ಬಾಕ್ಸ್ ಕೊಡ್ರಿ’. ಯಾವ ಥ್ರೆಡ್ಡು, ಯಾವ ಮೂತಿ ಎಂದು ಅಂಗಡಿಯವರು ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ನನ್ನ ಮಾತು ಅಲ್ಲಿಂದಲೇ ಹೊರಡುತ್ತದೆ.

ಮೊದಲು ಒಂದು ಲೆಕ್ಕ ಹಾಕೋಣ. ನಮ್ಮ ದೇಶದ ಟೆಂಡರ್ ಕಾಗದಗಳಲ್ಲಿ ಜಿಪ್ಸಮ್ ಸೀಲಿಂಗಿನ ವಿವರಣೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: 12.5 ಮಿ.ಮೀ. ಬೋರ್ಡು, 0.55 ಮಿ.ಮೀ. ದಪ್ಪದ ಜಿ.ಐ. ಸೆಕ್ಷನ್, ಸೆಕ್ಷನ್‌ಗಳ ನಡುವೆ 457 ಮಿ.ಮೀ., ಸೆಕ್ಷನ್ನಿನ ಉದ್ದಕ್ಕೂ ಪ್ರತಿ 230 ಮಿ.ಮೀ.ಗೆ 25 ಮಿ.ಮೀ.ಯ ಒಂದು ಡ್ರೈವಾಲ್ ಸ್ಕ್ರೂ. ಹಾಗಾದರೆ ಒಂದು ಸ್ಕ್ರೂ ಪಾಲಿಗೆ ಬರುವ ಬೋರ್ಡು 457 ಗುಣಿಸು 230, ಅಂದರೆ ಸುಮಾರು 0.105 ಚದರ ಮೀಟರ್. 12.5 ಮಿ.ಮೀ. ಬೋರ್ಡು ಚದರ ಮೀಟರಿಗೆ ಎಂಟೂವರೆ–ಒಂಬತ್ತು ಕಿಲೋ ತೂಗುತ್ತದೆ. ಹಾಗಾಗಿ ಒಂದು ಸ್ಕ್ರೂ ಹೊರಬೇಕಾದ ಭಾರ ಒಂದು ಕಿಲೋಗಿಂತಲೂ ತುಸು ಕಡಿಮೆ.

ಇನ್ನೊಂದು ಬದಿ ನೋಡಿ. ಅಮೆರಿಕದ ಎಎಸ್‌ಟಿಎಂ ಮಾನದಂಡದ ಪ್ರಕಾರ ಅರ್ಧ ಇಂಚಿನ ಬೋರ್ಡಿನ ಮೂಲಕ ಮೊಳೆಯ ತಲೆ ತೂರಿ ಹೋಗಬೇಕಾದರೆ ಕನಿಷ್ಠ 77 ಪೌಂಡ್ ಬಲ ಬೇಕು, ಸುಮಾರು 35 ಕಿಲೋ. ಸ್ಕ್ರೂವಿನ ತಲೆ ಮೊಳೆಯ ತಲೆಗಿಂತ ಸಣ್ಣದೇನಲ್ಲ. ಅಂದರೆ ಹೊರಬೇಕಾದದ್ದು ಒಂದು ಕಿಲೋ, ಹೊರಬಲ್ಲದ್ದು ಮೂವತ್ತಕ್ಕೂ ಹೆಚ್ಚು. ಇಷ್ಟು ದೊಡ್ಡ ಅಂತರ ಇದ್ದರೂ ಅಂಗಡಿಯಲ್ಲಿ, ಕೋಚಿಂಗ್ ಕ್ಲಾಸಿನಲ್ಲಿ, ದವಾಖಾನೆಯ ಕಾಯುವ ಕೋಣೆಯಲ್ಲಿ ಬೋರ್ಡು ಜೋತು ಬೀಳುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಪೂರ್ತಿ ಬೋರ್ಡು ಹತ್ತಿರ ಹತ್ತಿರ ಇಪ್ಪತ್ತು ಕಿಲೋ ಇರುತ್ತದೆ ಅನ್ನೋದು ನೆನಪಿರಲಿ. ಅದರ ಕೆಳಗೆ ಜನ ಕೂತಿರುತ್ತಾರೆ. ಆ ಮೂವತ್ತು ಪಟ್ಟು ಬಲ ಎಲ್ಲಿ ಸೋರಿಹೋಗುತ್ತದೆ ಅನ್ನೋದೇ ನನ್ನ ಪ್ರಶ್ನೆ. (ಇಡೀ ಚೌಕಟ್ಟೇ ಸ್ಲ್ಯಾಬಿನಿಂದ ಕಿತ್ತು ಬರುವುದೂ ಉಂಟು. ಅದು ರಾವಲ್ ಪ್ಲಗ್ ಮತ್ತು ಕ್ಲೀಟಿನ ವಿಷಯ. ಇವತ್ತು ಅದಕ್ಕೆ ಕೈ ಹಾಕುವುದಿಲ್ಲ.)

ತಲೆ ಮತ್ತು ಕಾಗದ

ನಾವೆಲ್ಲ ಸ್ಕ್ರೂ ಅಂದ ಕೂಡಲೇ ಥ್ರೆಡ್ಡಿನ ಬಗ್ಗೆ ಯೋಚಿಸ್ತೀವಿ. ಇಲ್ಲಿ ತಲೆಯಿಂದ ಶುರು ಮಾಡಬೇಕು. ಜಿಪ್ಸಮ್ ಬೋರ್ಡು ಅಂದರೆ ಎರಡು ಕಾಗದಗಳ ನಡುವೆ ಗಟ್ಟಿಯಾದ ಜಿಪ್ಸಮ್ ಹಿಟ್ಟು. ನಡುವಿನ ಜಿಪ್ಸಮ್ಮು ಒತ್ತಡ ತಡೆಯುತ್ತದೆ, ಆದರೆ ಎಳೆದರೆ ಪುಡಿಯಾಗುತ್ತದೆ. ಎಳೆತ ತಡೆಯುವುದು ಕಾಗದ. ಚಪಾತಿ ಮೇಲೆ ಚಪಾತಿ ಇಟ್ಟು ನಡುವೆ ಸಕ್ಕರೆ ಹರಡಿದ ಹಾಗೆ ಅಂತ ನಾನು ವಿದ್ಯಾರ್ಥಿಗಳಿಗೆ ಹೇಳೋದುಂಟು. ಸಕ್ಕರೆಗೆ ಮೊಳೆ ಹೊಡೆದು ಚಪಾತಿ ಎತ್ತಲಿಕ್ಕೆ ಆಗೋದಿಲ್ಲ.

ಆದ್ದರಿಂದ ಈ ಸ್ಕ್ರೂವಿನ ತಲೆಗೆ ಬೇರೆಯೇ ಆಕಾರ ಕೊಟ್ಟಿದ್ದಾರೆ. ಬಡಿಗ್ಯಾರು ಬಳಸುವ ಮಾಮೂಲಿ ಸ್ಕ್ರೂವಿನ ತಲೆಯ ಅಡಿಭಾಗ ನೇರ ಇಳಿಜಾರು, ಆಲಿಕೆ ಥರ. ಕರೇ ಸ್ಕ್ರೂವಿನದು ಕಹಳೆಯ ಬಾಯಿಯ ಹಾಗೆ ಬಾಗಿ ಅಗಲಾಗುತ್ತದೆ. ಮರಾಠಿ ತುತಾರಿಯನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು. ನೇರ ಇಳಿಜಾರಿನ ತಲೆ ಕಾಗದವನ್ನು ಕತ್ತರಿಸುತ್ತದೆ. ಬಾಗಿದ ತಲೆ ಕಾಗದವನ್ನು ಹರಿಯದೆ ಮೆಲ್ಲಗೆ ಒಳಗೆ ಒತ್ತುತ್ತದೆ, ಅಲ್ಲಿ ಒಂದು ಸಣ್ಣ ಗುಣಿ ಬೀಳುತ್ತದೆ. ಆ ಗುಣಿಯ ತಳದಲ್ಲಿ ಕಾಗದ ಇಡಿಯಾಗಿ ಇರಬೇಕು. ತಲೆ ಮೇಲ್ಮೈಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಬೇಕು, ಅದರ ಮೇಲೆ ಜಾಯಿಂಟ್ ಕಂಪೌಂಡ್ ಬಳಿದು ಸಮ ಮಾಡುತ್ತಾರೆ. ಥ್ರೆಡ್ಡಿನ ಕೆಲಸ ಚೌಕಟ್ಟನ್ನು ಹಿಡಿಯೋದು, ತಲೆಯ ಕೆಲಸ ಕಾಗದವನ್ನು ಹಿಡಿಯೋದು. ಬೋರ್ಡಿಗೂ ಚೌಕಟ್ಟಿಗೂ ಇರುವ ಸಂಬಂಧ ಆ ಕಾಗದದ ಮೂಲಕವೇ.

ಇನ್ನು ಸೈಟಿಗೆ ಬನ್ನಿ. ಕೆಲಸ ಚದರ ಅಡಿ ಲೆಕ್ಕದ ಗುತ್ತಿಗೆ. ಕಾರಾಗೀರನ ಕೈಯಲ್ಲಿ ಮಾಮೂಲಿ ಡ್ರಿಲ್ ಮಷೀನು, ಅದಕ್ಕೊಂದು ಸ್ಟಾರ್ ಬಿಟ್ಟು. ತಲೆ ಎತ್ತಿ, ಕೈ ಮೇಲೆ ಮಾಡಿ, ದಿನಕ್ಕೆ ಸಾವಿರಗಟ್ಟಲೆ ಸ್ಕ್ರೂ. ಸ್ವಿಚ್ಚು ಬಿಡುವುದು ಅರೆಗಳಿಗೆ ತಡವಾದರೂ ತಲೆ ಕಾಗದ ಹರಿದು ಜಿಪ್ಸಮ್ಮಿನೊಳಗೆ ಎರಡು ಮೂರು ಮಿ.ಮೀ. ಇಳಿದು ಹೋಗುತ್ತದೆ. ನೋಡುವವರಿಗೆ ಅದು ‘ಘಟ್ಟಿ ಕೂತೈತಿ’ ಅನ್ನಿಸುತ್ತದೆ. ನಿಜ ಏನಂದರೆ ಆ ಸ್ಕ್ರೂ ಈಗ ಹಿಟ್ಟನ್ನು ಹಿಡಿದಿದೆ, ಕಾಗದವನ್ನಲ್ಲ. ಮೇಲೆ ಕಂಪೌಂಡ್, ಲಾಂಬಿ, ಪ್ರೈಮರ್, ಬಣ್ಣ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ. ಮೂವತ್ತು ಪಟ್ಟು ಬಲ ಮೊಟ್ಟಮೊದಲು ಸೋರುವುದು ಇಲ್ಲೇ, ಮತ್ತು ನನ್ನ ಅಂದಾಜಿನಲ್ಲಿ ಅತಿ ಹೆಚ್ಚು ಸೋರುವುದೂ ಇಲ್ಲೇ.

ಇದಕ್ಕೆ ಕಾರಾಗೀರನನ್ನು ಬೈಯುವುದು ಸುಲಭ. ಮಾಲೀಕರು ಬೈಯ್ತಾರೆ ಕೂಡ. ಆದರೆ ಆಳ ನೋಡಿ ತಾನೇ ನಿಲ್ಲುವ ಸ್ಕ್ರೂಗನ್ ಅಂತ ಪ್ರತ್ಯೇಕ ಯಂತ್ರ ಇದೆ. ಅದರ ಮೂತಿ ಬೋರ್ಡಿಗೆ ತಾಗಿದ ಕೂಡಲೇ ಕ್ಲಚ್ಚು ಬಿಟ್ಟುಕೊಂಡು ತಿರುಗುವುದು ನಿಲ್ಲುತ್ತದೆ. ಅದು ತುಟ್ಟಿ ಅಂದರೆ, ಮಾಮೂಲಿ ಡ್ರಿಲ್ಲಿಗೇ ಹಾಕುವ ಬಟ್ಟಲಿನಂಥ ಡಿಂಪ್ಲರ್ ಬಿಟ್ಟು ಸಿಗುತ್ತದೆ. ಬಟ್ಟಲಿನ ಅಂಚು ಬೋರ್ಡಿಗೆ ತಾಗಿದಾಗ ಬಿಟ್ಟು ಸ್ಕ್ರೂ ತಲೆಯಿಂದ ತಾನಾಗಿ ಕಳಚಿಕೊಳ್ಳುತ್ತದೆ. ಒಂದು ಊಟದ ಬೆಲೆಗಿಂತ ಬಹಳ ಹೆಚ್ಚೇನೂ ಇಲ್ಲ. ಸೀಲಿಂಗಿಗೆ ಸಾವಿರಾರು ರೂಪಾಯಿ ಕೊಡುವ ಮಾಲೀಕರು ಆ ಬಿಟ್ಟನ್ನು ತಾವೇ ತಂದುಕೊಟ್ಟರೆ ನಷ್ಟವಿಲ್ಲ. ಇನ್ನೊಂದು, ಅಂಚಿನ ದೂರ: ಕಾಗದ ಸುತ್ತಿದ ಅಂಚಿನಿಂದ ಕನಿಷ್ಠ 10 ಮಿ.ಮೀ., ಕತ್ತರಿಸಿದ ಅಂಚಿನಿಂದ ಕನಿಷ್ಠ 13 ಮಿ.ಮೀ. ಬಿಡಬೇಕು. ಕತ್ತರಿಸಿದ ಕಡೆ ಅಂಚು ಮುಚ್ಚುವ ಕಾಗದ ಇರುವುದಿಲ್ಲ, ಹಿಟ್ಟು ಉದುರುತ್ತದೆ. ಕಾರಣ ಅಷ್ಟೇ.

ಪತ್ರಾದಲ್ಲಿ ಥ್ರೆಡ್ಡು

ಈಗ ಚೌಕಟ್ಟಿನ ಕಡೆ. ಥ್ರೆಡ್ಡಿಗೆ ಕೊಲ್ಹಾಪುರದ ಮಷೀನ್ ಶಾಪುಗಳಲ್ಲಿ ಮರಾಠಿಯ ‘ಆಟೆ’ ಅನ್ನುವ ಮಾತಿದೆ. ‘ಆಟೆ ಹೋತು’ ಅಂದರೆ ಥ್ರೆಡ್ ಸವೆದು ಸ್ಕ್ರೂ ಸುಮ್ಮನೆ ತಿರುಗ್ತದೆ ಅಂತ. ಇಚಲಕರಂಜಿಯಲ್ಲಿ ಥ್ರೆಡ್ಡು ಅಂದರೆ ಜನರಿಗೆ ಮೊದಲು ನೆನಪಾಗೋದು ನೂಲು, ಗಡಹಿಂಗ್ಲಜ ತಾಲ್ಲೂಕಿನಲ್ಲಂತೂ ನೂಲ ಅನ್ನುವ ಊರೇ ಇದೆ. ಇರಲಿ.

ಕರೇ ಸ್ಕ್ರೂನಲ್ಲಿ ಎರಡು ಜಾತಿ. ಒಂದು ಒರಟು ಥ್ರೆಡ್ಡು: ಇಂಚಿಗೆ ಎಂಟು ಒಂಬತ್ತು ಸುತ್ತು, ಸುತ್ತುಗಳ ನಡುವೆ ಹೆಚ್ಚುಕಡಿಮೆ 3 ಮಿ.ಮೀ. ಜಾಗ. ಇದು ಮರಕ್ಕೆ. ಇನ್ನೊಂದು ನಯ ಥ್ರೆಡ್ಡು: ಸುತ್ತುಗಳು ಒತ್ತೊತ್ತಾಗಿ, ಎರಡು ಎಳೆ ಜೊತೆಜೊತೆಗೆ ಹೊಸೆದಂತೆ. ಇದು ಪತ್ರಾಕ್ಕೆ. ಎಎಸ್‌ಟಿಎಂ ಸಿ1002 ಮಾನದಂಡ ಇವನ್ನು ಡಬ್ಲ್ಯೂ ಮತ್ತು ಎಸ್ ಅಂತ ಹೆಸರಿಸಿದೆ, ವುಡ್ ಮತ್ತು ಸ್ಟೀಲ್ ಅನ್ನುವುದರ ಮೊದಲ ಅಕ್ಷರಗಳು. ನಮ್ಮ ಪೇಟೆಯ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಅಳತೆ ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ.

0.55 ಮಿ.ಮೀ. ಪತ್ರಾ ಸ್ಕ್ರೂವಿನ ಒಂದು ಸುತ್ತಿನ ಅಂತರಕ್ಕಿಂತ ಬಹಳ ತೆಳು. ಹಾಗಾದರೆ ಥ್ರೆಡ್ಡು ಯಾವುದನ್ನು ಹಿಡಿಯುತ್ತದೆ? ಚೂಪಾದ ಮೂತಿ ಪತ್ರಾವನ್ನು ಕೊರೆದು ತೆಗೆಯುವುದಿಲ್ಲ, ಚುಚ್ಚಿ ಹಿಂದಕ್ಕೆ ತಳ್ಳುತ್ತದೆ. ತಳ್ಳಿದ ಲೋಹ ತೂತಿನ ಸುತ್ತ ಒಂದು ಸಣ್ಣ ಕಾಲರಿನ ಹಾಗೆ ಹಿಂಬದಿಗೆ ಮಡಚಿಕೊಳ್ಳುತ್ತದೆ. ರೊಟ್ಟಿಗೆ ಬೆರಳು ತೂರಿಸಿದರೆ ಅಂಚು ಆಚೆ ಬದಿಗೆ ಮಡಚಿಕೊಳ್ಳುವುದಿಲ್ಲವಾ, ಹಾಗೆ. ಆ ಕಾಲರಿನಲ್ಲಿ ನಯ ಥ್ರೆಡ್ಡು ತನ್ನ ದಾರಿ ಕೊರೆದುಕೊಂಡು ಕೂರುತ್ತದೆ. ಒರಟು ಥ್ರೆಡ್ಡು ಹಾಕಿದರೆ ಅದರ ಅಗಲವಾದ, ಹರಿತವಾದ ಸುತ್ತು ಆ ಕಾಲರನ್ನೇ ಅಗಿದು ಹಾಕುತ್ತದೆ; ಬೋರ್ಡು ಇನ್ನೂ ಪೂರ್ತಿ ಕೂರುವ ಮೊದಲೇ ಸ್ಕ್ರೂ ಖಾಲಿ ತಿರುಗಲು ಶುರುವಾಗುತ್ತದೆ. ಖಾಲಿ ತಿರುಗುವ ಸ್ಕ್ರೂ ಕಂಡಾಗ ಕಾರಾಗೀರ ಇನ್ನೂ ಜೋರಾಗಿ ಒತ್ತುತ್ತಾನೆ, ಆಗ ಕಾಗದವೂ ಹರಿಯುತ್ತದೆ. ಒಂದೇ ಏಟಿಗೆ ಎರಡೂ ಕಡೆಯ ಹಿಡಿತ ಹೋಯಿತು.

ಡ್ರಿಲ್ ಮೂತಿಯ ಸ್ಕ್ರೂ ಇನ್ನೂ ಒಳ್ಳೇದಲ್ಲವೇ ಅಂತ ಬಹಳ ಜನ ಕೇಳ್ತಾರೆ. ತುದಿಯಲ್ಲಿ ಪುಟ್ಟ ಡ್ರಿಲ್ ಬಿಟ್ಟಿನಂಥ ಆಕಾರ ಇರುವುದರಿಂದ ಸಲೀಸಾಗಿ ಒಳಗೆ ಹೋಗುತ್ತದೆ, ತುಟ್ಟಿಯೂ ಹೌದು. ಆದರೆ ಅದು ಲೋಹವನ್ನು ತಳ್ಳುವುದಿಲ್ಲ, ಕೊರೆದು ಪುಡಿಯಾಗಿ ಹೊರಹಾಕುತ್ತದೆ. ತೆಳು ಪತ್ರಾದಲ್ಲಿ ಕಾಲರ್ ಸರಿಯಾಗಿ ಏಳುವುದಿಲ್ಲ, ಥ್ರೆಡ್ಡಿಗೆ ಹಿಡಿಯಲು ಲೋಹ ಉಳಿಯುವುದಿಲ್ಲ. ಡ್ರಿಲ್ ಮೂತಿ ಬೇಕಾಗುವುದು ಪತ್ರಾ ದಪ್ಪ ಇರುವಲ್ಲಿ. ಎಎಸ್‌ಟಿಎಂ ಸಿ954 ಹೇಳುವ ವ್ಯಾಪ್ತಿ 0.84 ಮಿ.ಮೀ.ನಿಂದ 2.84 ಮಿ.ಮೀ. ನಮ್ಮ ಸೀಲಿಂಗಿನಲ್ಲಿ ಕಾರಾಗೀರರು ‘ಇಂಟರ್’ ಅನ್ನುವ ಇಂಟರ್‌ಮೀಡಿಯೆಟ್ ಚಾನೆಲ್ 0.9 ಮಿ.ಮೀ. ಇರುತ್ತದೆ. ಬೋರ್ಡು ಕೂರುವುದು ಅದಕ್ಕಲ್ಲ, ಅದರ ಕೆಳಗೆ ಅಡ್ಡ ಬರುವ ತೆಳು ಸೆಕ್ಷನ್ನಿಗೆ. ತುಟ್ಟಿಯದ್ದೆಲ್ಲ ಒಳ್ಳೇದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದರ ಜೊತೆಗೆ, 0.55ಕ್ಕಿಂತ ತೆಳುವಾದ ಸೆಕ್ಷನ್‌ಗಳೂ ಪೇಟೆಯಲ್ಲಿ ಸಿಗುತ್ತವೆ, ಬೆಲೆ ಕಡಿಮೆ. ಪತ್ರಾ ತೆಳುವಾದಷ್ಟೂ ಮಡಚಿಕೊಳ್ಳುವ ಕಾಲರ್ ಸಣ್ಣದು. ಇದನ್ನು ನಾನು ವಿಶೇಷವಾಗಿ ಕೊಲ್ಹಾಪುರದಲ್ಲಿ ನಿಂತು ಹೇಳುತ್ತಿರುವುದಕ್ಕೆ ಕಾರಣವಿದೆ. ಶಿವಾಜಿ ಉದ್ಯಮನಗರದಲ್ಲಿ, ಶಿರೋಲಿ, ಗೋಕುಳ ಶಿರಗಾಂವ ಎಂ.ಐ.ಡಿ.ಸಿ.ಗಳಲ್ಲಿ ಎರಕ ಹೊಯ್ಯುವ, ಲೇಥ್ ನಡೆಸುವ ಜನಕ್ಕೆ ನೂರರಲ್ಲಿ ಒಂದು ಭಾಗದ ಮಿ.ಮೀ. ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಥ್ರೆಡ್ ಗೇಜು ಮೈಕ್ರೋಮೀಟರು ಇಲ್ಲದ ಶಾಪು ಅಲ್ಲಿಲ್ಲ. ಅದೇ ಶಾಪಿನ ಮುಂಭಾಗದ ಆಫೀಸಿನ ಸೀಲಿಂಗಿನಲ್ಲಿ ಮರದ ಥ್ರೆಡ್ಡು ಪತ್ರಾಕ್ಕೆ ಹೋಗಿ ಕೂತಿರುತ್ತದೆ. ಜ್ಞಾನ ಗೋಡೆಯ ಆಚೆಗಿತ್ತು, ಈಚೆ ಬರಲಿಲ್ಲ.

ಮಗ್ಗದ ಪಕ್ಕದ ಗೋಡೆ

ಇಚಲಕರಂಜಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡ್ತೀನಿ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದಾಗಿನಿಂದ ಊರು ಬೆಳೆದದ್ದೇ ಮಗ್ಗದ ಸುತ್ತ. ಮನೆ ಮತ್ತು ಕಾರಖಾನೆ ಬೇರೆ ಬೇರೆ ಬಡಾವಣೆಯಲ್ಲಿ ಇರಬೇಕೆಂಬ ನಿಯಮ ಹಳೆಯ ಗಲ್ಲಿಗಳಿಗೆ ಗೊತ್ತಿಲ್ಲ. ಒಂದು ಗೋಡೆಯ ಆಚೆ ಮಗ್ಗ, ಈಚೆ ನೂಲು ವ್ಯಾಪಾರಿಯ ಗಾದಿ, ಮೇಲೆ ಮನೆ. ಮಗ್ಗದ ಶೆಡ್ಡಿನೊಳಗೆ ಯಾರೂ ಜಿಪ್ಸಮ್ ಸೀಲಿಂಗ್ ಹಾಕುವುದಿಲ್ಲ. ಹಾಕುವುದು ಗಾದಿಗೆ, ಮನೆಯ ಹಾಲಿಗೆ.

ಅಲ್ಲಿ ಎರಡು ಸಂಗತಿ ಸೇರುತ್ತವೆ. ಒಂದು, ಅದುರುವಿಕೆ. ಶಟಲ್ ಮಗ್ಗದಲ್ಲಿ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆಚೆಯಿಂದ ಈಚೆ ಹೊಡೆದುಕೊಳ್ಳುತ್ತದೆ. ಪ್ರತಿ ಹೊಡೆತವೂ ನೆಲ, ಗೋಡೆ, ತೊಲೆ ಹಿಡಿದು ಸೀಲಿಂಗಿನ ತನಕ ಬರುತ್ತದೆ. ನಿಮಿಷಕ್ಕೆ ಬರೀ 120 ಅಂತ ಇಟ್ಟುಕೊಂಡರೂ ಎಂಟು ತಾಸಿನ ಒಂದು ಪಾಳಿಗೆ 57,600 ಹೊಡೆತ. ಕಾಗದ ಇಡಿಯಾಗಿದ್ದರೆ ಇದರಿಂದ ದೊಡ್ಡ ತೊಂದರೆ ಇಲ್ಲ. ಕಾಗದ ಹರಿದಿದ್ದರೆ, ತಲೆಯ ಸುತ್ತ ಇರುವುದು ಬರೀ ಜಿಪ್ಸಮ್ ಹಿಟ್ಟು; ಪ್ರತಿ ಅದುರಿಗೂ ಚೂರು ಚೂರೇ ಪುಡಿಯಾಗಿ ತೂತು ಅಗಲವಾಗುತ್ತಾ ಹೋಗುತ್ತದೆ. ಒಂದು ಸ್ಕ್ರೂ ಬಿಟ್ಟರೆ ಅದರ ಪಾಲಿನ ಭಾರ ಪಕ್ಕದ ಎರಡಕ್ಕೆ. ಅವೂ ಅದೇ ಕೈಯಿಂದ, ಅದೇ ಡ್ರಿಲ್ಲಿನಿಂದ ಬಿದ್ದವು. ಹಾಗಾಗಿ ಬೋರ್ಡು ಬಿಡುವಾಗ ಒಂದೊಂದೇ ಸ್ಕ್ರೂ ಬಿಡುವುದಿಲ್ಲ, ಸೆಕ್ಷನ್ನಿನ ಒಂದು ಇಡೀ ಸಾಲು ಚೀಲದ ಹೊಲಿಗೆ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತದೆ.

ಎರಡನೆಯದು ತೇವ. ಹತ್ತಿ ನೂಲು ಒಣಗಿದರೆ ಪಟಪಟ ಹರಿಯುತ್ತದೆ, ಅದಕ್ಕೆ ನೇಯುವಲ್ಲಿ ಗಾಳಿಯ ತೇವ ಶೇ. 75–80ರ ಆಸುಪಾಸು ಬೇಕು. ಸೈಝಿಂಗ್ ಘಟಕಗಳಲ್ಲಿ ಬಾಯ್ಲರು, ಉಗಿ. ಪಕ್ಕದ ಕೋಣೆಯ ಬೋರ್ಡು ಈ ತೇವವನ್ನು ಹೀರುತ್ತದೆ. ಪೂರ್ತಿ ತೊಯ್ದ ಜಿಪ್ಸಮ್ಮಿನ ಬಲ ಒಣಗಿದ್ದರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಕಾಗದವೂ ಮೆತ್ತಗಾಗುತ್ತದೆ, ಎರಡು ಸೆಕ್ಷನ್‌ಗಳ ನಡುವೆ ಬೋರ್ಡು ಹೊಟ್ಟೆ ಬಿಡುತ್ತದೆ. ಹಸಿರು ಕಾಗದದ ತೇವ ತಡೆಯುವ ಬೋರ್ಡು ಹಾಕಿದ್ದೀವಿ ಅಂತ ಕೆಲವರು ಹೇಳ್ತಾರೆ. ಒಳ್ಳೇದೇ. ಆದರೆ ಬೋರ್ಡು ಹಸಿರು, ಸ್ಕ್ರೂ ಅದೇ ಕರೇದು. ಆ ಕಪ್ಪು ಬಣ್ಣ ಫಾಸ್ಫೇಟ್ ಲೇಪ. ಸಾಗಾಟದಲ್ಲಿ, ಕಪಾಟಿನಲ್ಲಿ ತುಕ್ಕು ಬರದಂತೆ ಎಣ್ಣೆ ಹಿಡಿದಿಟ್ಟುಕೊಳ್ಳುವುದು ಅದರ ಮುಖ್ಯ ಉಪಯೋಗ, ವರ್ಷಗಟ್ಟಲೆ ತೇವ ತಡೆಯುವುದಲ್ಲ. ತೇವದ ಜಿಪ್ಸಮ್ಮು ಕಬ್ಬಿಣಕ್ಕೆ ಒಳ್ಳೇ ನೆಂಟನೂ ಅಲ್ಲ. ಬಿಳಿ ಸೀಲಿಂಗಿನ ಮೇಲೆ ಸಾಲು ಸಾಲಾಗಿ, ಸರಿಯಾಗಿ ಗೇಣಿಗೊಂದರಂತೆ ಕಂದು ಚುಕ್ಕೆ ಮೂಡಿದ್ದು ಕಂಡರೆ ಅದು ನೀರಿನ ಕಲೆಯಲ್ಲ, ಕೆಳಗಿನ ಸ್ಕ್ರೂ ತಲೆಯ ತುಕ್ಕು. ಅದರ ಮೇಲೆ ಬಣ್ಣ ಹೊಡೆದರೆ ಆರು ತಿಂಗಳಿಗೆ ಮತ್ತೆ ಬರುತ್ತದೆ. ಇಂಥಲ್ಲಿ ಸತುವಿನ ಲೇಪದ ಸ್ಕ್ರೂ ಬೇಕು, ಮತ್ತು ನನ್ನ ಅಭಿಪ್ರಾಯ ಕೇಳಿದರೆ ಮಗ್ಗದ ಗೋಡೆ ಹಂಚಿಕೊಂಡ ಕೋಣೆಯಲ್ಲಿ 230 ಮಿ.ಮೀ. ಅಂತರವನ್ನು 150ಕ್ಕೆ ಇಳಿಸಬೇಕು. ಸ್ಕ್ರೂ ಅಗ್ಗ, ಬೋರ್ಡು ತುಟ್ಟಿ, ತಲೆ ಇನ್ನೂ ತುಟ್ಟಿ.

ತೇವದ ಮಾತು ಬಂದಾಗ ಕೊಲ್ಹಾಪುರದ ಮಹಾಪೂರವನ್ನು ಬಿಡುವಂತಿಲ್ಲ. ರಾಜಾರಾಮ ಬಂಧಾರೆಯ ಬಳಿ ಪಂಚಗಂಗೆಯ ಅಪಾಯಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿ ನೀರು 55 ಅಡಿ ದಾಟಿತು, 2021ರ ಜುಲೈನಲ್ಲಿ ಮತ್ತೆ ಅಷ್ಟೇ ಎತ್ತರಕ್ಕೆ ಬಂತು. ನೀರು ಇಳಿದ ಮೇಲೆ ಜಿಪ್ಸಮ್ ಪಾರ್ಟಿಶನ್ನನ್ನು ಫ್ಯಾನ್ ಹಾಕಿ ಒಣಗಿಸಿ ಬಣ್ಣ ಬಳಿದುಬಿಡುವುದು ಎಲ್ಲರಿಗೂ ಸುಲಭವಾಗಿ ಕಾಣುವ ದಾರಿ. ಒಣಗಿದ ಬೋರ್ಡು ನೋಡಲಿಕ್ಕೆ ಚೆನ್ನಾಗೇ ಇರುತ್ತದೆ. ಆದರೆ ಮುಳುಗಿದ ಬೋರ್ಡಿನಲ್ಲಿ ಕಾಗದಕ್ಕೂ ಜಿಪ್ಸಮ್ಮಿಗೂ ಇದ್ದ ಅಂಟು ಮೊದಲಿನಂತೆ ಉಳಿದಿರುವುದಿಲ್ಲ, ಅದರ ಹಿಂದೆ ಸ್ಕ್ರೂ ತುಕ್ಕು ಹಿಡಿಯಲು ಶುರು ಮಾಡಿರುತ್ತದೆ. ನೀರಿನ ಗುರುತಿಗಿಂತ ಮೇಲಕ್ಕೆ ಒಂದಡಿ ಬಿಟ್ಟು ಕತ್ತರಿಸಿ ತೆಗೆದು, ಚೌಕಟ್ಟು ತೊಳೆದು ಒಣಗಿಸಿ, ಹೊಸ ಬೋರ್ಡು ಹೊಸ ಸ್ಕ್ರೂ ಹಾಕುವುದೇ ಸರಿ.

ಗಡಹಿಂಗ್ಲಜದ ಮರ

ಗಡಹಿಂಗ್ಲಜ ಕಡೆ ಕಥೆ ಬೇರೆ. ನೂಲ, ಹಲಕರ್ಣಿ ಕಡೆಯ ಹಳೇ ಮನೆಗಳಲ್ಲಿ ತೊಲೆ-ಜಂತಿ ಇನ್ನೂ ಇವೆ. ಮಗನ ಮದುವೆ ಬಂತೆಂದರೆ ಕೆಳಗೆ ಮರದ ರೀಪು ಹೊಡೆದು ಜಿಪ್ಸಮ್ ಬೋರ್ಡು ಮುಚ್ಚಿಸುತ್ತಾರೆ. ಇಲ್ಲಿ ಒರಟು ಥ್ರೆಡ್ಡೇ ಸರಿ, ಮರದ ನಾರನ್ನು ಅದು ಆಳವಾಗಿ ಕಚ್ಚುತ್ತದೆ. ಮರದೊಳಗೆ ಕನಿಷ್ಠ 16 ಮಿ.ಮೀ. ಇಳಿಯಬೇಕು, ಆದ್ದರಿಂದ 12.5ರ ಬೋರ್ಡಿಗೆ 32 ಅಥವಾ 35 ಮಿ.ಮೀ. ಸ್ಕ್ರೂ.

ಇಲ್ಲಿ ಬಡಿಗ್ಯಾರರ ಒಂದು ನಂಬಿಕೆ ಇದೆ: ‘ದೊಡ್ಡದು ಹಾಕ್ರಿ, ಎರಡ್ ಇಂಚಿಂದು, ಜಗ್ಗಿ ಹಿಡೀತೈತಿ’. ಇದನ್ನು ಬಿಡಿಸಿ ನೋಡೋಣ. ಆಂಬೋಲಿ, ಆಜರಾ ಕಡೆಯ ಮಳೆಯ ತೇವ ಹಿರಣ್ಯಕೇಶಿಯ ಜೊತೆಗೇ ಈ ಕಡೆ ಇಳಿದು ಬರುತ್ತದೆ. ಮಳೆಗಾಲದಲ್ಲಿ ಕೊಯ್ದ ಹಸಿ ರೀಪು, ಅಥವಾ ಪ್ಯಾಕಿಂಗ್ ಪೆಟ್ಟಿಗೆ ಒಡೆದು ತೆಗೆದ ಹಲಗೆ, ಏಪ್ರಿಲ್ ಮೇ ಹೊತ್ತಿಗೆ ಒಣಗಿ ಕುಗ್ಗುತ್ತದೆ. ಕುಗ್ಗುವುದು ಉದ್ದಕ್ಕಲ್ಲ, ದಪ್ಪಕ್ಕೆ. ಸ್ಕ್ರೂ ಕುಗ್ಗುವುದಿಲ್ಲ. ಅದರ ಥ್ರೆಡ್ಡು ಮರದ ಒಳಗೆ ಆಳದಲ್ಲಿ ಎಲ್ಲಿ ಕಚ್ಚಿದೆಯೋ ಅಲ್ಲಿಂದ ಮರದ ಮೇಲ್ಮೈ ತನಕ ಇರುವ ಮರ ಕುಗ್ಗಿ ಹಿಂದೆ ಸರಿಯುತ್ತದೆ. ಬೋರ್ಡಿಗೂ ಮರಕ್ಕೂ ನಡುವೆ ಸಂದು ಬೀಳುತ್ತದೆ. ಯಾರಾದರೂ ಒತ್ತಿದರೆ, ಮೇಲೆ ಮಾಳಿಗೆಯಲ್ಲಿ ಓಡಾಡಿದರೆ, ಬೋರ್ಡು ಮೇಲೆ ಸರಿದು ಸ್ಕ್ರೂ ತಲೆ ಕಂಪೌಂಡನ್ನು ಒಡೆದುಕೊಂಡು ಗುಳ್ಳೆಯ ಹಾಗೆ ಹೊರಗೆ ಬರುತ್ತದೆ. ಸ್ಕ್ರೂ ಎಷ್ಟು ಆಳಕ್ಕೆ ಹೋಗಿದೆಯೋ ಕುಗ್ಗುವ ಮರದ ಪಾಲು ಅಷ್ಟು ಹೆಚ್ಚು. 32 ಮಿ.ಮೀ. ಸ್ಕ್ರೂ ಮರದಲ್ಲಿ 19 ಮಿ.ಮೀ. ಇಳಿದರೆ, 50 ಮಿ.ಮೀ.ಯದು 37 ಇಳಿಯುತ್ತದೆ, ಸಂದು ಹೆಚ್ಚುಕಡಿಮೆ ದುಪ್ಪಟ್ಟು. ಉದ್ದ ಸ್ಕ್ರೂ ಗುಳ್ಳೆಯನ್ನು ದೊಡ್ಡದು ಮಾಡುತ್ತದೆ. ಪರಿಹಾರ ಉದ್ದದಲ್ಲಿಲ್ಲ, ಒಣ ಮರದಲ್ಲಿದೆ. ಹಳೇ ಸಾಗವಾನಿ ತೊಲೆ ಇದ್ದಲ್ಲಿ ಈ ತೊಂದರೆ ಬಹಳ ಕಡಿಮೆ, ಸಾಗವಾನಿ ಕುಗ್ಗುವುದೇ ಕಡಿಮೆ ಮತ್ತು ಅದು ಒಣಗಿ ಎರಡು ತಲೆಮಾರು ಆಗಿರುತ್ತದೆ.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ಉಳಿದ ಕರೇ ಸ್ಕ್ರೂಗಳನ್ನು ಕಪಾಟಿನ ಕೀಲಿಗೆ, ಅಡಿಗೆಮನೆಯ ಫಳಿಗೆ, ಗೋಡೆಯ ಟಿವಿ ಸ್ಟ್ಯಾಂಡಿಗೆ ಹಾಕುವ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ. ಈ ಸ್ಕ್ರೂವನ್ನು ಪತ್ರಾ ಚುಚ್ಚಲಿಕ್ಕೆ ಅಂತ ಮೇಲ್ಪದರ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಗಟ್ಟಿಯಾದದ್ದು ಬಾಗುವುದಿಲ್ಲ, ಮುರಿಯುತ್ತದೆ. ಇಕ್ಕಳದಲ್ಲಿ ಒಂದು ಮಾಮೂಲಿ ಮರದ ಸ್ಕ್ರೂ, ಒಂದು ಕರೇ ಸ್ಕ್ರೂ ಹಿಡಿದು ಬಗ್ಗಿಸಿ ನೋಡಿ. ಕಣ್ಣಿಗೆ ಬಟ್ಟೆ ಅಡ್ಡ ಇಟ್ಟುಕೊಳ್ಳಿ. ಮೊದಲನೆಯದು ಬಾಗುತ್ತದೆ, ಎರಡನೆಯದು ಟಣ್ ಅಂತ ಹಾರುತ್ತದೆ. ಬೋರ್ಡಿನಲ್ಲಿ ಅದಕ್ಕೆ ಬರುವುದು ಉದ್ದಕ್ಕೆ ಎಳೆತ. ಫಳಿಯಲ್ಲಿ ಬರುವುದು ಅಡ್ಡ ಭಾರ. ಎರಡನೆಯದಕ್ಕೆ ಅದನ್ನು ಮಾಡಿಯೇ ಇಲ್ಲ.

ಚರ್ಚೆ

ಒಬ್ಬ ವಿದ್ಯಾರ್ಥಿನಿ: ಈಗಾಗಲೇ ಹಾಕಿಸಿದ ಸೀಲಿಂಗ್ ಸರಿ ಇದೆಯೋ ಇಲ್ಲವೋ ಒಡೆಯದೆ ಹೇಗೆ ನೋಡೋದು ಸರ್?

ರಾತ್ರಿ ದೀಪ ಆರಿಸಿ, ಟಾರ್ಚನ್ನು ಸೀಲಿಂಗಿಗೆ ಸಮಾನಾಂತರವಾಗಿ, ಗೋಡೆಯ ಕಡೆಯಿಂದ ಹಿಡಿಯಿರಿ. ಹೊಟ್ಟೆ ಬಿಟ್ಟದ್ದು, ಗುಳ್ಳೆ ಎದ್ದದ್ದು ಎಲ್ಲ ನೆರಳಾಗಿ ಕಾಣುತ್ತದೆ. ಆಮೇಲೆ ಸ್ಟೂಲ್ ಹತ್ತಿ, ಸ್ಕ್ರೂ ಸಾಲಿನ ಪಕ್ಕ ಅಂಗೈಯಿಂದ ಮೆಲ್ಲಗೆ ಮೇಲಕ್ಕೆ ಒತ್ತಿ. ಬೋರ್ಡು ಕದಲಿದರೆ ಅಥವಾ ಕಟಕಟ ಶಬ್ದ ಬಂದರೆ ಆ ಸಾಲು ಸಡಿಲ ಇದೆ. ಹಳೇ ಸ್ಕ್ರೂವನ್ನೇ ಇನ್ನಷ್ಟು ಬಿಗಿ ಮಾಡಬೇಡಿ, ಅದು ಕಾಗದ ಹರಿದೇ ಸಡಿಲಾಗಿದ್ದು. ಅದೇ ಸೆಕ್ಷನ್ನಿನ ಮೇಲೆ 40–50 ಮಿ.ಮೀ. ದೂರದಲ್ಲಿ, ಬೋರ್ಡನ್ನು ಕೈಯಿಂದ ಒತ್ತಿ ಹಿಡಿದುಕೊಂಡು ಹೊಸದು ಹಾಕಿ. ಆಮೇಲೆ ಹಳೇದು ತೆಗೆದು ತೂತು ಮುಚ್ಚಿ. ಬೋರ್ಡು ಕಣ್ಣಿಗೆ ಕಾಣುವಷ್ಟು ಜೋತಿದ್ದರೆ ಮೊದಲು ಕೆಳಗಿನ ಕುರ್ಚಿ ಬೆಂಚು ಸರಿಸಿ, ಜನರನ್ನು ಆಚೆ ಕಳಿಸಿ, ಕೆಳಗಿನಿಂದ ಆಧಾರ ಕೊಟ್ಟ ಮೇಲೆ ಕೆಲಸ ಶುರುಮಾಡಬೇಕು.

ಒಬ್ಬ ಅಧ್ಯಾಪಕರು: ಬೋರ್ಡಿಗೆ ಫ್ಯಾನು, ಝೂಮರ್ ತೂಗುಹಾಕಬಹುದೇ?

ಇಲ್ಲ ಸರ್. ಫ್ಯಾನಿನ ಕೊಂಡಿ ಸ್ಲ್ಯಾಬಿನಿಂದ ಅಥವಾ ತೊಲೆಯಿಂದಲೇ ಬರಬೇಕು, ಬೋರ್ಡಿನಲ್ಲಿ ಅದಕ್ಕೆ ತೂತು ಮಾತ್ರ. ಸೆಕ್ಷನ್ನಿಗೂ ಕಟ್ಟಬಾರದು.

ಇನ್ನೊಬ್ಬ ಅಧ್ಯಾಪಕಿ: ಕನ್ನಡದಲ್ಲಿ ಬರೆಯುವಾಗ ನೀವು ‘ತಿರುಪುಮೊಳೆ’ ಅನ್ನದೆ ಸ್ಕ್ರೂ ಅಂತಲೇ ಬಳಸಿದ್ದೀರಿ. ಕಾರಣ ಇದೆಯೇ?

ಮೇಡಮ್, ತಿರುಪುಮೊಳೆ ಒಳ್ಳೇ ಮಾತು, ಪಠ್ಯದಲ್ಲಿ ಇರಲಿ. ಆದರೆ ನಾನು ಈ ಬರಹವನ್ನು ಕಾರಾಗೀರರಿಗೂ ಓದಿ ಹೇಳಬೇಕು. ಅವರಲ್ಲಿ ಸ್ಕ್ರೂ, ಸೆಕ್ಷನ್, ಇಂಟರ್, ಪತ್ರಾ ಈ ನಾಲ್ಕು ಮಾತುಗಳ ಮೇಲೆ ಇಡೀ ಕೆಲಸ ನಡೆಯುತ್ತದೆ, ಕನ್ನಡದವರಿರಲಿ ಮರಾಠಿಯವರಿರಲಿ. ಒರಟು ಥ್ರೆಡ್ಡು, ನಯ ಥ್ರೆಡ್ಡು ಅನ್ನುವ ಭೇದಕ್ಕೆ ಮಾತ್ರ ಅವರಲ್ಲಿ ಗಟ್ಟಿಯಾದ ಹೆಸರು ಕೇಳಿ ಬರಲಿಲ್ಲ. ಹೆಸರಿಲ್ಲದ್ದರಿಂದಲೇ ಅಂಗಡಿಯಲ್ಲಿ ಅದನ್ನು ಕೇಳಿ ತರುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ‘ಮರದ ಸ್ಕ್ರೂ, ಪತ್ರಾ ಸ್ಕ್ರೂ’ ಅಂತ ಕರೆದರೆ ಸಾಕು, ಎರಡೂ ಭಾಷೆಗೆ ನಡೆಯುತ್ತದೆ.

ಮೊದಲಿನ ವಿದ್ಯಾರ್ಥಿನಿ: ಅಂಗಡಿಯಲ್ಲಿ ನಿಂತು ಎರಡನ್ನೂ ಗುರುತಿಸೋದು ಹೇಗೆ?

ಜೇಬಿನಲ್ಲಿ ಒಂದು ಸ್ಕೇಲು ಇಟ್ಟುಕೊಳ್ಳಿ. ಡಬ್ಬಿಯಿಂದ ಒಂದು ಸ್ಕ್ರೂ ತೆಗೆದು ಸ್ಕೇಲಿನ ಮೇಲಿಟ್ಟು, ಅರ್ಧ ಇಂಚಿನಲ್ಲಿ ಎಷ್ಟು ಸುತ್ತು ಬರ್ತದೆ ಎಣಿಸಿ. ನಾಲ್ಕು–ಐದು ಬಂದರೆ ಮರದ್ದು. ಏಳೆಂಟು, ಅದಕ್ಕಿಂತ ಹೆಚ್ಚು ಬಂದರೆ ಪತ್ರಾದ್ದು. ತುದಿ ಸೂಜಿಯ ಹಾಗಿರಬೇಕು, ಡ್ರಿಲ್ಲಿನ ಹಾಗೆ ಚಪ್ಪಟೆಯಾಗಿ ಸೀಳಿಕೊಂಡಿರಬಾರದು. ಆಮೇಲೆ ತಲೆಯ ಅಡಿಭಾಗವನ್ನು ಉಗುರಿನಿಂದ ಸವರಿ ನೋಡಿ, ಮೂಲೆ ಸಿಗದೆ ಬಾಗಿಕೊಂಡು ಹೋದರೆ ತೆಗೆದುಕೊಳ್ಳಿ.